ಬೋಟಿನ ಇಂಜಿನ್ನೂ ನನ್ನ ಹೊಟ್ಟೆಕಿಚ್ಚೂ

ಡ್ಯಾಮಿನ ದಡದಲ್ಲಿ ಕೂತು ಆರು ವರ್ಷ ಬೋಟಿಂಗ್ ಟಿಕೆಟ್ ಹರಿದವಳು ನಾನು. ಅಲ್ಲಿ ನಗುವಂಥದ್ದು ವಾರಕ್ಕೊಂದಾದರೂ ನಡೆದೇ ನಡೆಯುತ್ತಿತ್ತು, ಭಾನುವಾರವಾದರೆ ಎರಡು. ಬೇರೆಯವರು ಆಗಿಂದಾಗಲೇ ನಕ್ಕು ಮುಗಿಸುತ್ತಿದ್ದರು. ನನಗೆ ಮಾತ್ರ ನಗು ಬರಲು ಎರಡು ಮೂರು ವರ್ಷ ಹಿಡಿಯುತ್ತಿತ್ತು. ಯಾಕೆಂದರೆ ನಗುವಿಗೂ ನನಗೂ ಮಧ್ಯೆ ಹೊಟ್ಟೆಕಿಚ್ಚು ಅಡ್ಡ ಕೂತಿರುತ್ತಿತ್ತು.

ನಮ್ಮನೆಯವರು ಮೊದಲು ರಾಮನಗರದಲ್ಲಿ ಡೀಸೆಲ್ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ತೋಟ ತೋಟಕ್ಕೂ ಬೋರ್‌ವೆಲ್ ಬಂದು ಡೀಸೆಲ್ ಪಂಪು ಗುಜರಿಗೆ ಬಿದ್ದ ಮೇಲೆ ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಆಗ ಕಂಟ್ರಾಕ್ಟರ್ ಒಬ್ಬರು ಮಾಗಡಿ ಕಡೆಯ ಒಂದು ಡ್ಯಾಮಿನಲ್ಲಿ ಬೋಟಿಂಗ್ ಶುರು ಮಾಡಿದರು. ಒಂದು ಬೋಟು, ಇಪ್ಪತ್ತು ಲೈಫ್ ಜಾಕೆಟ್ಟು, ಬೋಟಿನ ಬೆನ್ನಿಗೆ ನೇತುಹಾಕುವ ಒಂದು ಹಳೇ ಇಂಜಿನ್ನು. ಇಂಜಿನ್ ಗೊತ್ತಿರುವವನು ಬೋಟೂ ಓಡಿಸುತ್ತಾನೆ ಅಂತ ನಮ್ಮನೆಯವರನ್ನು ಡ್ರೈವರ್ ಮಾಡಿದರು. ಪಿಯುಸಿ ಪಾಸಾಗಿದ್ದಾಳೆ ಅಂತ ನನ್ನನ್ನು ಟಿಕೆಟ್ ಮೇಜಿಗೆ ಕೂರಿಸಿದರು. ಜಾಕೆಟ್ ಕೊಡುವುದು, ಕಟ್ಟುವುದು, ವಾಪಸ್ ಎಣಿಸಿಕೊಳ್ಳುವುದೂ ನನ್ನದೇ.

ಆ ಇಂಜಿನ್ನಿನ ಬುಡ ನೀರೊಳಗೆ ಇರುತ್ತದೆ. ಅಲ್ಲಿಂದಲೇ ಡ್ಯಾಮಿನ ನೀರನ್ನು ಹೀರಿ, ಮೈಯೆಲ್ಲ ಸುತ್ತಿಸಿ ತಣ್ಣಗಾಗಿ, ಪಕ್ಕದ ಒಂದು ಸಣ್ಣ ತೂತಿನಿಂದ ದಾರದಂತೆ ಹೊರಗೆ ಚಿಮ್ಮಿಸುತ್ತದೆ. ನಮ್ಮನೆಯವರು ಅದನ್ನು ಉಚ್ಚೆ ಅಂತಲೇ ಕರೆಯುತ್ತಿದ್ದರು. ಅದು ಬರುತ್ತಿದ್ದರೆ ಇಂಜಿನ್ ತಣ್ಣಗಿದೆ ಅಂತ ಅರ್ಥ. ನಿಂತಿತೋ, ಆ ಕ್ಷಣವೇ ಆಫ್ ಮಾಡಬೇಕು, ಇಲ್ಲದಿದ್ದರೆ ಒಳಗಿರುವುದೆಲ್ಲ ಕಚ್ಚಿಕೊಂಡುಬಿಡುತ್ತದೆ. ಹಾಗಾಗಿ ಬೋಟು ಓಡುವಷ್ಟು ಹೊತ್ತೂ ಅವರ ಒಂದು ಕಣ್ಣು ಆ ದಾರದ ಮೇಲೇ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ನನ್ನನ್ನು ಒಂದು ದಿನವೂ ಅಷ್ಟು ಹೊತ್ತು ನೋಡಿದವರಲ್ಲ. ನಾನು ಆ ಇಂಜಿನ್ನಿಗೆ 'ಆಯಮ್ಮ' ಅಂತ ಹೆಸರಿಟ್ಟೆ.

ಬಸ್ಸಿನಲ್ಲಿ ಬಂದ ಫೋನು

ಕನಕಪುರದ ಹತ್ತಿರ ನಮ್ಮಣ್ಣನ ಮನೆಯಲ್ಲಿ ಗೃಹಪ್ರವೇಶ. ಎರಡು ದಿನ ರಜೆ ಹಾಕಿಸುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು. ಆಯಮ್ಮನನ್ನು ಡ್ಯಾಮಿನ ವಾಚ್‌ಮನ್ ಕೈಗೆ ಒಪ್ಪಿಸಿ, ದಿನಕ್ಕೆರಡು ಸಲ ಹತ್ತು ಹತ್ತು ನಿಮಿಷ ಓಡಿಸು ಅಂತ ನೂರು ಸಲ ಹೇಳಿ ಇವರು ಬಸ್ ಹತ್ತಿದ್ದರು. ರಾಮನಗರ ದಾಟಿತ್ತು, ಬಸ್ಸು ತುಂಬಿತ್ತು. ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಚೆನ್ನಾಗಿದೆಯಾ ಅಂತ ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಇವರ ಮೊಬೈಲು ಹೊಡೆದುಕೊಂಡಿತು, ವಾಚ್‌ಮನ್ನು. ಬಸ್ಸಿನ ಗಲಾಟೆಗೆ ಕೇಳಿಸಲ್ಲ ಅಂತ ಇವರು ಕಿರುಚಿಯೇ ಮಾತಾಡಿದರು.

"ಹಲೋ! ಉಚ್ಚೆ ಹುಯ್ತಾ?"

ಮುಂದಿನ ಎರಡು ಸೀಟು ಸುಮ್ಮನಾದವು.

"ಇಲ್ವಾ? ಬೆಳಗ್ಗಿಂದಾನೂ ಇಲ್ವಾ? ಮುಟ್ಟಿ ನೋಡು, ಮೈ ಬಿಸಿ ಐತಾ?"

ಕಂಡಕ್ಟರ್ ಟಿಕೆಟ್ ಕೊಡುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡಿದ.

"ಏನಿಲ್ಲ, ಹೆದರ್ಕೋಬ್ಯಾಡ. ಒಂದು ಸಣ್ಣ ತಂತಿ ತಗೊಂಡು ತೂತಿಗೆ ಚುಚ್ಚು. ಸುರ್ ಅಂತ ಬತ್ತದೆ."

ಅವರು ಫೋನ್ ಇಟ್ಟರು. ಮುಂದಿನ ಸೀಟಿನ ಒಬ್ಬ ಅಜ್ಜಿ ಎಲೆಅಡಿಕೆ ಜಗಿಯುವುದನ್ನು ಬಿಟ್ಟು ತಿರುಗಿದಳು.

"ಮಗೀಗೆ ಹುಷಾರಿಲ್ವೇನಪ್ಪಾ?"

ಇವರ ಮನಸ್ಸೆಲ್ಲ ಡ್ಯಾಮಿನಲ್ಲಿತ್ತು. "ಹೂಂ ಕಣಜ್ಜಿ. ಬೆಳಗ್ಗಿಂದ ಕಟ್ಕೊಂಡುಬುಟ್ಟೈತೆ."

"ಎಷ್ಟು ವರ್ಸ?"

"ಎಂಟಾಯ್ತು."

"ಅಯ್ಯೋ! ಅಂಥಾ ಮಗೀನ ಬುಟ್ಟು ತಾಯಿ ಹೆಂಗ್ ಬಂದ್ಲಪ್ಪ, ಸೀರೆ ಉಟ್ಕೊಂಡು?" ಅಂತ ಅಜ್ಜಿ ನನ್ನ ರೇಷ್ಮೆ ಸೀರೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಇವಳಿಗೂ ಅದಕ್ಕೂ ಆಗಿಬರಲ್ಲ ಬುಡಜ್ಜಿ," ಅಂದರು ಇವರು. "ಅದು ಸೆಕೆಂಡ್ ಹ್ಯಾಂಡಲ್ಲಿ ತಂದಿದ್ದು."

ಬಸ್ಸಿಗೆ ಬಸ್ಸೇ ನನ್ನನ್ನು ನೋಡಿತು. ಅದು ಇಂಜಿನ್ನು ಅಂತ ನಾನು ಹೇಳುವ ಮೊದಲೇ ಅಜ್ಜಿ ಎದ್ದು ಬಂದು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಬುದ್ಧಿ ಹೇಳಿದಳು.

"ನೋಡವ್ವ, ಮೊದಲನೇವಳ ಮಗು ಅಂತ ಹೊಟ್ಟೆಕಿಚ್ಚು ಪಡಬ್ಯಾಡ. ಆ ತಂತಿ ಗಿಂತಿ ಚುಚ್ಚದನ್ನ ಒಸಿ ನಿಲ್ಲಿಸು ತಾಯಿ."

ಭಾವನ ಕೈಯಡುಗೆ

ಒಂದು ಬೇಸಿಗೆಯಲ್ಲಿ ಆಯಮ್ಮ ಕಾರಣವಿಲ್ಲದೆ ಬಿಸಿಯಾಗತೊಡಗಿದಳು. ನೀರೆಳೆಯುವ ರಬ್ಬರ್ ಫ್ಯಾನು ಸರಿಯಿತ್ತು, ಪೈಪು ಸರಿಯಿತ್ತು. ಉಳಿದದ್ದು ಥರ್ಮೋಸ್ಟ್ಯಾಟ್. ಅಂದರೆ ಸೋಡಾ ಬಾಟ್ಲಿಯ ಮುಚ್ಚಳದಷ್ಟು ಒಂದು ಹಿತ್ತಾಳೆ ಬಿಲ್ಲೆ. ನೀರು ಬಿಸಿಯಾದರೆ ಅದು ಬಾಯಿ ತೆರೆದು ನೀರನ್ನು ಹೊರಗೆ ಬಿಡಬೇಕು. ತೆರೆಯುತ್ತದೋ ಇಲ್ಲವೋ ನೋಡುವುದಕ್ಕೆ ಒಂದೇ ದಾರಿ, ಅದನ್ನು ನೀರಿಗೆ ಹಾಕಿ ಕುದಿಸುವುದು.

ಕುದಿಸಲು ಅವರಿಗೆ ಸಿಕ್ಕಿದ್ದು ನಾನು ಹಾಲು ಕಾಯಿಸುವ ಪಾತ್ರೆ. ಒಲೆ ಮುಂದೆ ನಿಂತು, ಹೆಗಲಿಗೆ ಟವಲ್ ಹಾಕಿಕೊಂಡು, ಉರಿಯನ್ನು ಸಣ್ಣದು ದೊಡ್ಡದು ಮಾಡುತ್ತಾ, ಬಗ್ಗಿ ಬಗ್ಗಿ ನೋಡುತ್ತಿದ್ದರು. ನಾನು ಹಜಾರದಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಅದೇ ಹೊತ್ತಿಗೆ ಕೆಂಪಾಪುರದಿಂದ ನನ್ನ ಓರಗಿತ್ತಿ ಬಂದಳು, ನಮ್ಮ ಮೈದುನನ ಹೆಂಡತಿ. ಅವಳ ಮನೆಗೆ ನಮಗಿಂತ ಮೊದಲು ಕಲರ್ ಟಿವಿ ಬಂದಿತ್ತು, ನಮಗಿಂತ ಮೊದಲು ಮಿಕ್ಸಿ ಬಂದಿತ್ತು, ಅವಳ ಜಡೆಯೂ ನನ್ನದಕ್ಕಿಂತ ಉದ್ದ. ಬಂದಾಗಲೆಲ್ಲ ನನ್ನ ಹೊಟ್ಟೆಗೆ ಬೆಂಕಿ ಹಾಕಿ ಹೋಗುವುದು ಅವಳ ರೂಢಿ.

ಒಳಗೆ ಬಂದವಳು ಅಡುಗೆಮನೆ ಬಾಗಿಲಲ್ಲಿ ಕಂಬದಂತೆ ನಿಂತುಬಿಟ್ಟಳು.

"ಅಕ್ಕಾ! ಭಾವ ಅಡುಗೆ ಮಾಡ್ತಾ ಅವ್ರಾ!"

ಅವಳ ಮುಖ ನೋಡಿದೆ. ಅದು ಹೊಟ್ಟೆಕಿಚ್ಚು. ನನಗೆ ಗೊತ್ತಾಗದೆ ಇರುತ್ತದೆಯೇ? ನಾನೇ ದಿನಾ ಕನ್ನಡಿಯಲ್ಲಿ ನೋಡುವ ಮುಖ. ಇಷ್ಟು ವರ್ಷದಲ್ಲಿ ಮೊದಲ ಸಲ ಅದು ಅವಳ ಮುಖದ ಮೇಲೆ ಇತ್ತು. ಅದನ್ನು ಕಳೆಯಲು ನನಗೆ ಮನಸ್ಸಾಗಲಿಲ್ಲ.

"ವಾರದಲ್ಲಿ ಒಂದಿನ ನಾನು ಒಲೆ ಮುಟ್ಟಂಗಿಲ್ಲ ಕಣಮ್ಮ. ಅವರದೇ," ಅಂದೆ.

"ನಮ್ಮೋರು ಕುಡಿದ ಲೋಟಾನೂ ಎತ್ತಿಡಲ್ಲ. ಏನ್ ಬೇಯಿಸ್ತಾ ಇದ್ದೀರಾ ಭಾವ?"

ಇವರು ತಲೆ ಎತ್ತಲಿಲ್ಲ. "ಥರ್ಮೋಸ್ಟ್ಯಾಟು."

"ಬೆಂತಾ?"

"ಇನ್ನೂ ಬಾಯಿ ಬುಟ್ಟಿಲ್ಲ."

ಅವಳು ಎಲ್ಲ ಗೊತ್ತಾದವಳಂತೆ ತಲೆಯಾಡಿಸಿ, ಕಾಫಿಯನ್ನೂ ಅರ್ಧಕ್ಕೆ ಬಿಟ್ಟು ಊರಿಗೆ ಹೋದಳು. ಮಾರನೇ ವಾರ ಮೈದುನ ಫೋನ್ ಮಾಡಿದ. "ಅತ್ತಿಗೆ, ನಿಮಗೆ ಕೈ ಮುಗೀತೀನಿ. ಅಣ್ಣ ಅಡುಗೆ ಮಾಡ್ತಾನಂತೆ, ನೀವೂ ಮಾಡಿ ಅಂತ ಇವಳು ನನ್ನ ಒಲೆ ಮುಂದೆ ನಿಲ್ಲಿಸವಳೆ," ಅಂತ ಇನ್ನೂ ಏನೋ ಹೇಳುತ್ತಿದ್ದ. ಓರಗಿತ್ತಿ ಫೋನ್ ಕಿತ್ತುಕೊಂಡಳು.

"ಅಕ್ಕ, ಅದೊಂದು ಹೇಳಿಬುಡಿ. ಆ ತರ್ಮಸ್ಟಾಟಿಗೆ ಬೆಳ್ಳುಳ್ಳಿ ಹಾಕ್ತಾರಾ, ಇಲ್ಲ ಬರೀ ಸಾಸಿವೆ ಒಗ್ಗರಣೇನಾ?"

"ಬೆಳ್ಳುಳ್ಳಿ ಬ್ಯಾಡ ಕಣಮ್ಮ," ಅಂದೆ. "ಒಸಿ ಗ್ರೀಸ್ ಹಾಕಿದ್ರೆ ಸಾಕು."

ಹೊಸ ಗಂಡ ಹಾಕಿದ ಗಂಟು

ನೀರಿಗಿಳಿಯುವ ಮುಂಚೆ ಜಾಕೆಟ್, ಜಾಕೆಟ್ ಇಲ್ಲದವರಿಗೆ ಬೋಟಿಲ್ಲ. ಈ ಒಂದು ವಿಷಯದಲ್ಲಿ ನಾನೂ ನಮ್ಮನೆಯವರೂ ಒಂದೇ ಮಾತು. ಇಪ್ಪತ್ತು ಜಾಕೆಟ್ಟಿನಲ್ಲಿ ಏಳೆಂಟರ ಬಕಲ್ ಮುರಿದು ಹೋಗಿದ್ದವು. ಅವಕ್ಕೆ ನೈಲಾನ್ ದಾರ ಹೊಲಿದಿದ್ದೆ. ಒಂದು ಕುಣಿಕೆ ಹಾಕಿದರೆ ಸಾಕು, ಎಳೆದರೆ ಬಿಚ್ಚಿಕೊಳ್ಳಬೇಕು.

ಒಂದು ಭಾನುವಾರ ಚನ್ನಪಟ್ಟಣದ ಒಂದು ಕುಟುಂಬ ಬಂತು. ಮದುವೆಯಾಗಿ ತಿಂಗಳೂ ಆಗಿರದ ಗಂಡ ಹೆಂಡತಿ, ಹುಡುಗನ ತಾಯಿ, ಇನ್ನೊಂದಿಷ್ಟು ಜನ. ನಾನು ಬೇರೆಯವರ ಟಿಕೆಟ್ ಹರಿಯುತ್ತಿದ್ದೆ. ಹೊತ್ತಾಯಿತು ಅಂತ ನಮ್ಮನೆಯವರೇ ಆ ಹುಡುಗಿಗೆ ಜಾಕೆಟ್ ಕಟ್ಟಲು ಹೋದರು. ಇವರಿಗೆ ಅವಳೂ ಒಂದೇ, ಪೆಟ್ರೋಲ್ ಕ್ಯಾನೂ ಒಂದೇ. ಹೊಸ ಗಂಡನಿಗೆ ಅದು ಹೇಗೆ ಗೊತ್ತಾಗಬೇಕು?

"ಏಯ್, ಕೈ ತೆಗೀರಿ! ನನ್ ಹೆಂಡ್ತಿಗೆ ನಾನ್ ಕಟ್ತೀನಿ."

ಕಟ್ಟಿದ. ಕೊರಳ ಹತ್ತಿರ ಎರಡು ಗಂಟು, ಎದೆಗೆ ನಾಲ್ಕು, ಸೊಂಟಕ್ಕೆ ಎಷ್ಟೋ. ಒಂದೊಂದನ್ನೂ ಎಳೆದು, ಅವಳ ಮುಖ ನೋಡಿ, "ಸಾಕಾ? ಇನ್ನೊಂದು ಹಾಕ್ಲಾ?" ಅಂತ ಕೇಳಿ ಕಟ್ಟಿದ. ಅವಳು ನಾಚಿಕೊಂಡು "ಹಾಕಿ" ಅಂದಳು. ಟಿಕೆಟ್ ಪುಸ್ತಕ ಹಿಡಿದುಕೊಂಡು ನೋಡುತ್ತಿದ್ದ ನನಗೆ ಒಳಗೇ ಏನೋ ಸುಟ್ಟ ಹಾಗಾಯಿತು. ಮದುವೆಯಾದ ಮೇಲೆ ಇವರು ಮುಖ ಗಂಟು ಹಾಕಿಕೊಂಡದ್ದು ಬಿಟ್ಟರೆ ನನಗಾಗಿ ಯಾವ ಗಂಟು ಹಾಕಿದ್ದರು?

ಬೋಟು ಒಂದು ಸುತ್ತು ಹಾಕಿ ಬಂತು. ಅವತ್ತು ಗಾಳಿ ಇತ್ತು, ನೀರು ಎರಚಿ ಎಲ್ಲರೂ ನೆನೆದಿದ್ದರು. ಒದ್ದೆಯಾದ ನೈಲಾನು ಬಿಗಿದುಕೊಂಡು ಕಲ್ಲಾಗಿತ್ತು. ಉಗುರಿನಿಂದ ಆಗಲಿಲ್ಲ, ಬೀಗದ ಕೈಯಿಂದ ಆಗಲಿಲ್ಲ. ಕತ್ತರಿ ಅಂದರು, ನಾನು ಬಿಡಲಿಲ್ಲ. ಹೊಲಿದವಳು ನಾನು. ಅದೂ ಅಲ್ಲದೆ, ನಿಜ ಹೇಳಬೇಕೆಂದರೆ, ಅವನು ಒಸಿ ಕಷ್ಟಪಡಲಿ ಅಂತಲೂ ಇತ್ತು. ಮುಂದಿನ ಟ್ರಿಪ್ಪಿನ ಜನವೆಲ್ಲ ಸುತ್ತ ನಿಂತು ನೋಡುತ್ತಿರುವಾಗ ಅವನು ಬಗ್ಗಿ ಹಲ್ಲಿನಿಂದ ಒಂದೊಂದೇ ಗಂಟು ಬಿಚ್ಚತೊಡಗಿದ. ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಹುಣಿಸೆ ಮರದ ಕೆಳಗೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ ಅವನ ತಾಯಿ, ಯಾರನ್ನೂ ನೋಡದೆ ಗಟ್ಟಿಯಾಗಿ ಹೇಳಿದರು.

"ಮದುವೇಲಿ ಮೂರು ಗಂಟು ಹಾಕಪ್ಪಾ ಅಂದ್ರೆ ಕೈ ನಡುಗಿ, ಎರಡನ್ನ ಅವರಕ್ಕನ ಕೈಲಿ ಹಾಕಿಸಿದ ನನ್ ಮಗ. ಇವತ್ತು ಬಡ್ಡಿ ಸಮೇತ ಹಾಕವ್ನೆ!"

ತೆಪ್ಪದವನ ಕೂಲಿಂಗು

ನಾವು ಬರುವ ಮುಂಚೆ ಆ ಡ್ಯಾಮಿನಲ್ಲಿ ಒಬ್ಬನೇ ಇದ್ದ, ಬಿದಿರಿನ ದುಂಡು ತೆಪ್ಪದವನು. ಮೀನು ಹಿಡಿಯುತ್ತಿದ್ದ, ಬಂದವರನ್ನು ಒಂದು ಸುತ್ತು ತಿರುಗಿಸುತ್ತಿದ್ದ. ಮೋಟಾರು ಬೋಟು ಬಂದ ಮೇಲೆ ಜನವೆಲ್ಲ ನಮ್ಮ ಕಡೆ ತಿರುಗಿದರು. ಅವನು ದೂರದಲ್ಲಿ ತೆಪ್ಪ ನಿಲ್ಲಿಸಿಕೊಂಡು ಬೀಡಿ ಸೇದುತ್ತಾ ನಮ್ಮ ಬೋಟನ್ನೇ ನೋಡುತ್ತಿರುತ್ತಿದ್ದ. ಇಂಜಿನ್ ಬಿಸಿಯಾಗಿ ಇವರು ಆಫ್ ಮಾಡಿದರೆ ಸಾಕು, ನೀರಿನ ಮೇಲಿಂದ ಅವನ ದನಿ ಕೇಳಿಸುತ್ತಿತ್ತು.

"ಏನ್ಲಾ, ಕುದ್ದು ಬಂತಾ? ಅಕ್ಕಿ ಹಾಕ್ಲಾ?"

ಇವರು ಹಲ್ಲು ಕಚ್ಚುತ್ತಿದ್ದರು. ಹೊಟ್ಟೆಕಿಚ್ಚು ಅವನಿಗೆ ನಮ್ಮ ಮೇಲೆ. ಆದರೆ ಇವರಿಗೂ ಅವನ ಮೇಲೆ ಇತ್ತು. ಅವನ ತೆಪ್ಪಕ್ಕೆ ಪೆಟ್ರೋಲ್ ಬೇಡ, ಪ್ಲಗ್ ಬೇಡ, ಸ್ಪೇರ್ ಪಾರ್ಟ್ ತರಲು ಬೆಂಗಳೂರಿಗೆ ಹೋಗುವುದು ಬೇಡ.

ಒಂದು ಶನಿವಾರ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯವರು ಬಂದರು, ಹನ್ನೊಂದು ಜನ, ಜೊತೆಗೆ ಮ್ಯಾನೇಜರು. ಮ್ಯಾನೇಜರಿಗೆ ಮೆಷಿನ್ ಅಂದರೆ ಪ್ರಾಣ. ಇಂಜಿನ್ ಎಷ್ಟು ಹಾರ್ಸ್‌ಪವರ್, ಎಷ್ಟು ಸ್ಟ್ರೋಕ್, ಕೂಲಿಂಗ್ ಹೇಗೆ ಅಂತ ಒಂದೊಂದೇ ಕೇಳಿದರು. ಅಷ್ಟು ಮರ್ಯಾದೆಯಿಂದ ಇವರನ್ನು ಯಾರೂ ಕೇಳಿರಲಿಲ್ಲ. ಇವರು ಎದೆಯುಬ್ಬಿಸಿ, ಕೆಳಗಿಂದ ನೀರು ಬರುವುದು, ಸುತ್ತುವುದು, ಹೋಗುವುದು ಎಲ್ಲ ವಿವರಿಸಿದರು. ಟ್ರಿಪ್ಪಿನಲ್ಲೂ ವಿವರಿಸುತ್ತಲೇ ಇದ್ದರು. ವಿವರಿಸುವ ಭರದಲ್ಲಿ ಬೋಟನ್ನು ಪಾಚಿಯ ಮೇಲೆ ಬಿಟ್ಟರು. ಪಾಚಿ ಹೋಗಿ ನೀರು ಹೀರುವ ಬಾಯಿಗೆ ಅಂಟಿಕೊಂಡಿತು. ದಾರ ನಿಂತಿತು. ಇಂಜಿನ್ ಕುಂಯ್ಯೋ ಅಂತ ಕೂಗಿಕೊಂಡಿತು. ಇವರು ಆಫ್ ಮಾಡಿದರು.

"ಯಾರೂ ಎದ್ದು ನಿಲ್ಲಬ್ಯಾಡಿ! ಕೂತಲ್ಲೇ ಕೂತಿರಿ!" ಅಂತ ಇವರು ಕೂಗಿದ್ದು ದಡಕ್ಕೂ ಕೇಳಿಸಿತು. ಅದು ಸರಿಯಾದ ಮಾತೇ. ನೀರಿನ ಮಧ್ಯೆ ಬೋಟು ಕೆಟ್ಟರೆ ಮುಳುಗುವುದು ಕೆಟ್ಟಿದ್ದಕ್ಕಲ್ಲ, ಎಲ್ಲರೂ ಒಂದೇ ಕಡೆ ಎದ್ದು ನೋಡುವುದಕ್ಕೆ. ಪುಣ್ಯಕ್ಕೆ ಫ್ಯಾಕ್ಟರಿಯವರು, ಹೇಳಿದ ಮಾತು ಕೇಳಿ ಕೂತರು.

ತೆಪ್ಪದವನು ನಿಧಾನವಾಗಿ ಬಂದ. ಅವತ್ತು ಅಕ್ಕಿಯ ಮಾತು ಎತ್ತಲಿಲ್ಲ. ಹಗ್ಗ ಬಿಗಿದು ಬೋಟನ್ನು ಎಳೆದುಕೊಂಡು ಹೊರಟ. ಮ್ಯಾನೇಜರಂತೂ ಬೋಟು ಬಿಟ್ಟು ಅವನ ತೆಪ್ಪಕ್ಕೇ ದಾಟಿ ಕೂತರು. ಇವರು ಸತ್ತ ಇಂಜಿನ್ ಪಕ್ಕದಲ್ಲಿ ಕೂತು ಅವರಿಬ್ಬರ ಬೆನ್ನನ್ನೇ ನೋಡುತ್ತಿದ್ದರು. ದಡಕ್ಕೆ ಬಂದ ಮೇಲೂ ಮ್ಯಾನೇಜರ್ ತೆಪ್ಪವನ್ನು ತಟ್ಟಿ ತಟ್ಟಿ ನೋಡುತ್ತಿದ್ದರು.

"ಒಂದು ಸಲಾನೂ ಕೆಟ್ಟಿಲ್ಲವಾ? ಇದಕ್ಕೆ ಕೂಲಿಂಗ್ ಏನೂ ಬೇಡ್ವೇನಪ್ಪಾ?"

"ಬೇಕಲ್ಲ ಸಾ, ಯಾಕ್ ಬ್ಯಾಡ?" ಅಂದ ತೆಪ್ಪದವನು. ತಲೆಗೆ ಸುತ್ತಿದ್ದ ಟವಲ್ ಬಿಚ್ಚಿ, ನೀರಿಗದ್ದಿ, ಹಿಂಡಿ, ಮತ್ತೆ ತಲೆಗೆ ಸುತ್ತಿಕೊಂಡ. "ಆಯ್ತು ನೋಡಿ."

ಡಾಕ್ಟರ ಮುಂದೆ

ಊರಿಗೆಲ್ಲ ಚಿಕೂನ್‌ಗುನ್ಯಾ ಬಂದ ವರ್ಷ ನನಗೂ ಬಂತು. ಮೂರು ದಿನ ಮೈ ಬೆಂಕಿ, ಗಂಟು ಗಂಟೂ ನೋವು. ದಿನಾ ಬೆಳಗ್ಗೆ ಆಯಮ್ಮನ ತಲೆ ಮುಟ್ಟಿ ನೋಡುವ ಕೈ ಒಂದು ಸಲ ನನ್ನ ಹಣೆಗೂ ಬರಲಿ ಅಂತ ಕಾದು ಮಲಗಿದ್ದೆ. ಕೊನೆಗೂ ಬಂತು. ಅಂಗೈ ಅಲ್ಲ, ಬೆರಳ ಹಿಂಬದಿಯಿಂದ ಎರಡು ಸಲ ತಟ್ಟಿದರು, ಇಂಜಿನ್ನಿಗೆ ತಟ್ಟುವ ಹಾಗೇ.

"ಇಷ್ಟಕ್ಕೆಲ್ಲ ಏನೂ ಆಗಲ್ಲ ಕಣೇ. ಅದು ಇದಕ್ಕಿಂತ ಬಿಸಿಯಾಗಿ ಹತ್ತು ಸಲ ತಣ್ಣಗಾಗೈತೆ."

ನಾನು ಗೋಡೆ ಕಡೆ ತಿರುಗಿ ಅತ್ತೆ. ಅತ್ತಿದ್ದು ನೋಡಿ ಗಾಬರಿಯಾಗಿ ಮಾಗಡಿ ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನನ್ನನ್ನು ಏನಾಗುತ್ತೆ ಅಂತ ಕೇಳಿದರೆ ಇವರೇ ಉತ್ತರ ಕೊಟ್ಟರು. "ಮೂರು ದಿನದಿಂದ ಓವರ್ ಹೀಟು ಡಾಕ್ಟ್ರೇ. ಒಳಗೆ ನೀರು ಸರಿಯಾಗಿ ಸುತ್ತುತಾ ಇಲ್ಲ ಅಂತ ಕಾಣ್ತದೆ."

ಡಾಕ್ಟರು ಸ್ಟೆತಾಸ್ಕೋಪ್ ಕಿವಿಯಿಂದ ತೆಗೆದು ಅವರನ್ನೇ ನೋಡಿದರು. "ಎಷ್ಟು ವರ್ಷದಿಂದ ಇವರು ನಿಮ್ಮ ಹತ್ತಿರ ಇದ್ದಾರೆ?"

"ಹನ್ನೊಂದು ವರ್ಷ."

"ಒಂದು ಸಲಾನೂ ಸರ್ವೀಸ್ ಮಾಡಿಸಿಲ್ಲ ಅಲ್ವಾ?"

ನಮ್ಮ ಮದುವೆಯ ದಿನ

ಆರು ವರ್ಷದಲ್ಲಿ ಎಷ್ಟು ಸಾವಿರ ಜನಕ್ಕೆ ಟಿಕೆಟ್ ಹರಿದಿದ್ದೇನೋ, ನಾನು ಮಾತ್ರ ಬೋಟು ಹತ್ತಿರಲಿಲ್ಲ. ಕೇಳಿದಾಗಲೆಲ್ಲ ಅದೇ ಉತ್ತರ: "ಅದೂ ಬೆಳಗ್ಗಿಂದ ಓಡೈತೆ, ಒಸಿ ರೆಸ್ಟ್ ತಗೊಳ್ಳಲಿ." ಆ ವರ್ಷ ನಮ್ಮ ಮದುವೆಯ ದಿನ ಭಾನುವಾರವೇ ಬಂತು. ಸಂಜೆ ಕೊನೇ ಟ್ರಿಪ್ ಮುಗಿದಿತ್ತು, ಬಿಸಿಲು ಇನ್ನೂ ಇತ್ತು. ಇವರು ಇಂಜಿನ್ ಬಿಚ್ಚಿ ಒರೆಸುತ್ತಿದ್ದರು. ನಾನು ಒಂದು ಜಾಕೆಟ್ ಹಾಕಿಕೊಂಡು ಬಂದು ಬೋಟಿನಲ್ಲಿ ಕೂತುಬಿಟ್ಟೆ.

"ಇಳಿಯಲ್ಲ," ಅಂದೆ. "ಇವತ್ತು ಆಯಮ್ಮನೋ ನಾನೋ ಎರಡರಲ್ಲಿ ಒಂದು ತೀರ್ಮಾನ ಆಗಲಿ."

ಇವರು ನನ್ನ ಮುಖ ನೋಡಿ, ಇಂಜಿನ್ನನ್ನು ಬೋಟಿನ ಹಿಂದಿನ ಹಲಗೆಗೆ ಸಿಕ್ಕಿಸಿ, ಎರಡು ತಿರುಪು ತಿರುಗಿಸಿ, ತಾವೂ ಜಾಕೆಟ್ ಹಾಕಿಕೊಂಡು ಹೊರಟರು. ಇವರ ವಿಷಯ ಊರಲ್ಲಿ ನನಗೊಬ್ಬಳಿಗೇ ಗೊತ್ತಿದ್ದ ಒಂದು ಗುಟ್ಟಿದೆ. ಇವರಿಗೆ ಈಜು ಬರುವುದಿಲ್ಲ. ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳಿರಲಿಲ್ಲ. ನನಗೆ ಬರುತ್ತದೆ. ಚಿಕ್ಕವಳಿದ್ದಾಗ ನಮ್ಮಣ್ಣಂದಿರು ಬೆನ್ನಿಗೆ ಸೋರೆಬುರುಡೆ ಕಟ್ಟಿ ತೋಟದ ಬಾವಿಗೆ ತಳ್ಳಿ ಕಲಿಸಿದ್ದರು.

ಹತ್ತು ನಿಮಿಷ ಸ್ವರ್ಗ. ಗಾಳಿ, ನೀರು, ದೂರದಲ್ಲಿ ಬಂಡೆಗಳು, ಎದುರಿಗೆ ಗಂಡ. ಇವರು ನನ್ನ ಕಡೆ ನೋಡಿ ನಕ್ಕರು ಕೂಡ. ಆರು ವರ್ಷದಲ್ಲಿ ಮೊದಲ ಸಲ ಇವರ ಕಣ್ಣು ಆ ದಾರದಿಂದ ಈ ಕಡೆಗೆ ಬಂದಿತ್ತು. ನೋಡಿಕೊಂಡೇ ಇದ್ದರು. ಅಷ್ಟರಲ್ಲಿ ಕುಂಯ್ಯೋ ಅಂತ ಸದ್ದು.

ಇಂಜಿನ್ ಆಫ್ ಮಾಡಿ ಬಗ್ಗಿ ನೋಡಿದರೆ ದಾರ ಯಾವಾಗಲೋ ನಿಂತುಹೋಗಿತ್ತು. ಕೆಳಗೆ ನೀರೆಳೆಯುವ ಬಾಯಿಗೆ ಯಾರೋ ಎಸೆದ ಪ್ಲಾಸ್ಟಿಕ್ ಕವರು ಸುತ್ತಿಕೊಂಡಿತ್ತು. ಎಳೆದು ತೆಗೆದರು. ಆದರೆ ಅಷ್ಟು ಹೊತ್ತು ನೀರಿಲ್ಲದೆ ತಿರುಗಿ ರಬ್ಬರ್ ಫ್ಯಾನು ಸುಟ್ಟ ವಾಸನೆ ಬರುತ್ತಿತ್ತು. ಇನ್ನು ಸ್ಟಾರ್ಟ್ ಮಾಡುವ ಹಾಗಿರಲಿಲ್ಲ. ಸಾಲದ್ದಕ್ಕೆ, ಕವರ್ ಎಳೆದ ರಭಸಕ್ಕೆ ಒಂದು ತಿರುಪು ಕಿತ್ತುಕೊಂಡು ನೀರಿಗೆ ಬಿತ್ತು. ಇಂಜಿನ್ ಒಂದೇ ತಿರುಪಿನ ಮೇಲೆ ವಾಲಾಡತೊಡಗಿತು. ಗಾಳಿ ಬೋಟನ್ನು ಬಂಡೆಗಳ ಕಡೆ ತಳ್ಳುತ್ತಿತ್ತು.

ನಾನು ಜಾಕೆಟ್ಟಿನ ಸೀಟಿ ಊದಿದೆ. ದಡದಲ್ಲಿ ವಾಚ್‌ಮನ್ನು, ನಾವು ಮದುವೆಯ ದಿನದ ಖುಷಿಗೆ ಊದುತ್ತಿದ್ದೇವೆ ಅಂದುಕೊಂಡು ಎರಡೂ ಕೈ ಎತ್ತಿ ಬೀಸಿದ.

ತಿರುಗಿ ನೋಡಿದರೆ ನಮ್ಮನೆಯವರು ತಮ್ಮ ಜಾಕೆಟ್ ಬಿಚ್ಚಿ ಇಂಜಿನ್ನಿಗೆ ತೊಡಿಸುತ್ತಿದ್ದರು! ಬೆಲ್ಟನ್ನು ಸುತ್ತ ತಂದು, ಬಿಗಿಯಾಯಿತಾ ಅಂತ ಬೆರಳು ತೂರಿಸಿ ನೋಡಿ, ಬಕಲ್ ಹಾಕಿದರು. ಮುರಿಯದ ಬಕಲ್ಲಿನ ಜಾಕೆಟ್ ಅದು.

"ರೀ! ಏನ್ ಮಾಡ್ತಾ ಇದ್ದೀರಾ?"

"ಬಿದ್ರೆ ತಳ ಸೇರ್ತದೆ ಕಣೇ. ಇದಾದ್ರೆ ಒಸಿ ತೇಲಾಡ್ತದೆ. ಒಂದು ಸಾಕಾಗಲ್ಲ ಅನ್ಸುತ್ತೆ, ನಿಂದೂ ಕೊಡು."

"ನಂದಾ? ನಾನು ಮನುಷ್ಯಳಲ್ವಾ?"

"ನಿಂಗೆ ಈಜು ಬತ್ತದಲ್ಲ. ಇದಕ್ಕೆ ಬರಲ್ಲ!"

"ನಿಮಗೂ ಬರಲ್ಲವಲ್ರೀ!" ಅಂತ ಕಿರುಚಿದೆ.

ಅವರ ಕೈ ಅಲ್ಲೇ ನಿಂತಿತು. ಸುತ್ತಲ ನೀರನ್ನು ಅವರು ಆಗಲೇ ಮೊದಲ ಸಲ ನೋಡಿದ್ದು ಅಂತ ನನಗನ್ನಿಸಿತು. ಮುಖ ಬಿಳಚಿಕೊಂಡಿತು. ಆದರೆ ಕೈ ಮಾತ್ರ ಇಂಜಿನ್ನನ್ನು ಬಿಡಲಿಲ್ಲ. ಎರಡೂ ತೋಳಿನಿಂದ ಅದನ್ನು ತಬ್ಬಿಕೊಂಡು ಕೂತರು.

ಬೈಯಲು ಬಾಯಿಗೆ ನೂರು ಮಾತು ಬಂದಿದ್ದವು. ಹೊಟ್ಟೆ ಒಳಗೆ ಧಗಧಗ ಅನ್ನುತ್ತಿತ್ತು. ಆದರೂ ನನ್ನ ಜಾಕೆಟ್ ಬಿಚ್ಚಿದೆ. ಅವರು ಇಂಜಿನ್ ಬಿಡದೇ ಇದ್ದುದರಿಂದ ಒಂದೊಂದೇ ತೋಳು ಎತ್ತಿಸಿ, ಶಾಲೆಗೆ ಹೋಗುವ ಮಗುವಿಗೆ ತೊಡಿಸುವ ಹಾಗೆ ಅವರಿಗೆ ತೊಡಿಸಿದೆ. ನನ್ನ ಕೈಯಾರೆ ಕಟ್ಟಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬೋಟಿನಲ್ಲಿದ್ದ ಒಂದೇ ಹುಟ್ಟನ್ನು ತೆಗೆದುಕೊಂಡು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹಾಕುತ್ತಾ ದಡದ ಕಡೆ ಹೊರಟೆ. ಮುಕ್ಕಾಲು ಗಂಟೆ. ನನ್ನ ಮದುವೆಯ ದಿನ ನಾನು ಬೆವರು ಸುರಿಸಿ ಬೋಟು ನಡೆಸಿದೆ. ಹಿಂದಿನ ಸೀಟಿನಲ್ಲಿ ನನ್ನ ಗಂಡ ನನ್ನ ಜಾಕೆಟ್ ಹಾಕಿಕೊಂಡು ಆಯಮ್ಮನನ್ನು ತಬ್ಬಿಕೊಂಡು ಕೂತಿದ್ದರು. ಅರ್ಧ ದಾರಿಯಲ್ಲಿ, "ನಿಧಾನಕ್ಕೆ ಹಾಕು, ಸುಸ್ತಾಗ್ತದೆ," ಅಂದರು. ನನಗೆ ಅಂದರೋ ಅದಕ್ಕೆ ಅಂದರೋ ಇವತ್ತಿಗೂ ಗೊತ್ತಿಲ್ಲ, ಕೇಳಲು ಧೈರ್ಯವೂ ಇಲ್ಲ.

ದಡದಲ್ಲಿ ಕಂಟ್ರಾಕ್ಟರು ನಿಂತಿದ್ದರು. ನಾನು ಜಾಕೆಟ್ ಇಲ್ಲದೆ ಇದ್ದದ್ದು ನೋಡಿ ಅವರ ಪಿತ್ತ ನೆತ್ತಿಗೇರಿತು.

"ಏನ್ರೀ ಇದು! ಊರಿಗೆಲ್ಲ ಜಾಕೆಟ್ ಹಾಕಿ ಅಂತ ಹೇಳೋ ಮೇಡಮ್ಮೇ ಜಾಕೆಟ್ ಇಲ್ದೆ ನೀರಿಗಿಳಿದಿದ್ದಾರೆ!"

ನಮ್ಮನೆಯವರು ಇಂಜಿನ್ ಬಿಡದೆ, ಬಹಳ ವಿನಯದಿಂದ ಹೇಳಿದರು. "ಜಾಕೆಟ್ ಎರಡೇ ಇದ್ವು ಸಾರ್. ನಾವು ಮೂರು ಜನ."

ಕಂಟ್ರಾಕ್ಟರು ಬೋಟಿನೊಳಗೆ ನೋಡಿದರು, ಇಬ್ಬರೇ. ಅವರ ಮುಖದ ಬಣ್ಣವೇ ಹೋಯಿತು. ಮೂರನೆಯವರು ಎಲ್ಲೋ ಮುಳುಗಿಹೋದರು ಅಂತ ನೀರಿನ ಕಡೆ ಓಡಿದರು. "ಯಾರ್ರೀ ಮೂರನೇವ್ರು? ಎಲ್ಲಿ ಬಿದ್ರು?"

"ಗಾಬರಿಯಾಗ್ಬ್ಯಾಡಿ ಸಾರ್," ಅಂದೆ ನಾನು, ಹುಟ್ಟು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. "ಆಯಮ್ಮನಿಗೆ ಏನೂ ಆಗಿಲ್ಲ. ನಮ್ಮನೆಯವರ ತೋಳಲ್ಲೇ ಅವ್ಳೆ. ಮೈ ಒಸಿ ಬಿಸಿಯಾಗೈತೆ, ಅಷ್ಟೇ."